ರೋಗಿಯನ್ನು ಒಪ್ಪಿಸಿಕೊಡುವುದು ಹೇಗೆ: ವಾರ್ಡಿನ ಹ್ಯಾಂಡೋವರ್‌ಗೆ ಒಂದು ಸಮಗ್ರ ಮಾರ್ಗದರ್ಶಿ

ಸಂಜೆ ಡ್ಯೂಟಿ ಮುಗಿಸಿ ಹೊರಡುವಾಗ ನಾನು ಹೇಳಿದ್ದು ಇಷ್ಟೇ: "ಹನ್ನೊಂದನೇ ಬೆಡ್ ಅಜ್ಜಂದು ಪೊಟ್ಯಾಷಿಯಂ ಕಳಿಸಿದೀವಿ." ನೈಟ್‌ಗೆ ಬಂದ ಸಿಸ್ಟರ್ ತಲೆಯಾಡಿಸಿದಳು. ನನ್ನ ಲೆಕ್ಕದಲ್ಲಿ ರಕ್ತದ ಸ್ಯಾಂಪಲ್ ಲ್ಯಾಬಿಗೆ ಹೋಗಿದೆ, ರಿಪೋರ್ಟ್ ಬಂದ ಮೇಲೆ ಅವಳು ನೋಡಬೇಕು. ಅವಳಿಗೆ ಅರ್ಥವಾದದ್ದು, ರಿಪೋರ್ಟ್ ಬಂದು ಡಾಕ್ಟರಿಗೂ ಕಳಿಸಿ ಆಗಿದೆ ಎಂದು. ನಾಲ್ಕು ದಿನ ಭೇದಿಯಾಗಿ ಸೇರಿದ್ದ ಅಜ್ಜ. ರಿಪೋರ್ಟ್ ರಾತ್ರಿ ಒಂಬತ್ತೂವರೆಗೇ ಬಂದು ಲ್ಯಾಬಿನ ಕಿಟಕಿಯಲ್ಲಿ ಬಿದ್ದಿತ್ತು. 2.4, ತೀರಾ ಕಡಿಮೆ. ಅಂಥ ಅಂಕಿ ಬಂದಾಗ ಲ್ಯಾಬಿನವರೇ ಫೋನ್ ಮಾಡಬೇಕಿತ್ತು; ಮಾಡಲಿಲ್ಲ, ಅದು ಬೇರೆ ಕತೆ. ಬೆಳಗಿನ ಜಾವ ಮಗ ಬಂದು "ಅಪ್ಪಂಗೆ ಕಾಲೇ ಎತ್ತಕ್ಕಾಗ್ತಿಲ್ಲ ಸಿಸ್ಟರ್" ಎಂದಾಗ ಆ ಕಾಗದ ಹುಡುಕಿದ್ದು. ಇಸಿಜಿಯಲ್ಲಿ ಆಗಲೇ ವ್ಯತ್ಯಾಸ ಕಾಣುತ್ತಿತ್ತು. ಅಜ್ಜ ಎರಡು ದಿನ ಐಸಿಯುನಲ್ಲಿದ್ದು ಉಳಿದುಕೊಂಡರು. ವಿಚಾರಣೆಯಲ್ಲಿ ನಾವಿಬ್ಬರೂ ಹೇಳಿದ್ದು ಸತ್ಯವನ್ನೇ.

ಆ "ಕಳಿಸಿದೀವಿ" ನನ್ನನ್ನು ಇವತ್ತಿಗೂ ಕಾಡುತ್ತದೆ. ಯಾರು, ಏನನ್ನು, ಎಲ್ಲಿಗೆ? ಕನ್ನಡದಲ್ಲಿ ಇವೆಲ್ಲ ಬಿಟ್ಟರೂ ವಾಕ್ಯ ನಡೆಯುತ್ತದೆ. "ಹೇಳಿದೆ", "ನೋಡ್ತಾರೆ", "ಆಗಿದೆ", "ಕೊಟ್ಟಿದೆ". ಮನೆಯಲ್ಲಿ ಇದು ಭಾಷೆಯ ಸೊಗಸು, ವಾರ್ಡಿನಲ್ಲಿ ಅಪಾಯ. ಮುಂದೆ ಹೇಳುವುದೆಲ್ಲ ಆ ಬಿಟ್ಟುಹೋದ ಪದಗಳನ್ನು ವಾಪಸು ಹಾಕುವ ಕ್ರಮ. ಸ್ಟಾಫ್ ನರ್ಸ್‌ಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ, ಆದರೆ ಡ್ಯೂಟಿ ಡಾಕ್ಟರುಗಳಿಗೂ ಹೌಸ್ ಸರ್ಜನ್‌ಗಳಿಗೂ ಇದರಲ್ಲಿ ಕೆಲಸವಿದೆ.

ಇದು ನಮ್ಮೊಬ್ಬರ ಗೋಳಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ರೋಗಿಯ ಸುರಕ್ಷತೆಗೆ ಒಂಬತ್ತು ಪರಿಹಾರಗಳ ಪಟ್ಟಿ ಹೊರಡಿಸಿದಾಗ ಅದರಲ್ಲಿ ಮೂರನೆಯದು ಹ್ಯಾಂಡೋವರ್ ಸಮಯದ ಮಾತುಕತೆಯೇ ಆಗಿತ್ತು. ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಎನ್‌ಎಬಿಎಚ್ ಮಂಡಳಿಯಿಂದ ಬರುವವರೂ ಹ್ಯಾಂಡೋವರ್ ದಾಖಲೆ ಕೇಳುತ್ತಾರೆ. ಇನ್‌ಸ್ಪೆಕ್ಷನ್ ಹತ್ತಿರ ಬಂದಾಗ ಮಾತ್ರ ರಿಜಿಸ್ಟರ್ ತುಂಬಿಸುವ ವಾರ್ಡುಗಳನ್ನೂ ನಾನು ಕಂಡಿದ್ದೇನೆ. ಆ ರಿಜಿಸ್ಟರಿನಿಂದ ಯಾವ ಅಜ್ಜನೂ ಉಳಿಯುವುದಿಲ್ಲ.

ಹೊರಡುವ ಅರ್ಧ ಗಂಟೆ ಮೊದಲು

ಒಳ್ಳೆಯ ಹ್ಯಾಂಡೋವರ್ ಶುರುವಾಗುವುದು ಮುಂದಿನ ಪಾಳಿಯವರು ಬರುವ ಮೊದಲೇ. ಎಂಟು ಗಂಟೆಗೆ ಡ್ಯೂಟಿ ಬದಲಾಗುವುದಾದರೆ ಏಳೂವರೆಗೆ ಒಂದು ಸುತ್ತು ಹಾಕಿ. ಕೇಸ್ ಶೀಟ್ ಹಿಡಿದು ಸ್ಟೇಷನ್‌ನಲ್ಲಿ ಕೂತರೆ ಆಗದು, ಬೆಡ್ಡಿನ ಹತ್ತಿರ ಹೋಗಬೇಕು. ಡ್ರಿಪ್ ಬಾಟಲಿಯಲ್ಲಿ ಎಷ್ಟು ಉಳಿದಿದೆ, ಯೂರಿನ್ ಬ್ಯಾಗಿನಲ್ಲಿ ಎಷ್ಟಿದೆ, ಕ್ಯಾನುಲಾ ಹಾಕಿದ ಕೈ ಊದಿದೆಯೇ, ಆಕ್ಸಿಜನ್ ಎಷ್ಟು ಲೀಟರಿಗೆ ಹೋಗುತ್ತಿದೆ. ನಾಲ್ಕು ಗಂಟೆಗೆ ಬರೆದ ಬಿಪಿಯನ್ನು ಎಂಟು ಗಂಟೆಗೆ "ಈಗಿನ ಬಿಪಿ" ಎಂದು ಓದುವುದು ನಾವೆಲ್ಲ ಮಾಡಿರುವ ಕಳ್ಳತನ. ಕಣ್ಣಿಡಬೇಕಾದ ಕೇಸುಗಳಲ್ಲಾದರೂ ಹೊಸದಾಗಿ ನೋಡಿ, ಹೊತ್ತು ಸಮೇತ ಬರೆಯಿರಿ.

ಆಮೇಲೆ ಬಾಕಿ ಕೆಲಸದ ಪಟ್ಟಿ: ಕಳಿಸಿದ ಸ್ಯಾಂಪಲ್, ಬರಬೇಕಾದ ರಿಪೋರ್ಟ್, ಕ್ರಾಸ್ ಮ್ಯಾಚ್ (ರೋಗಿಯ ರಕ್ತಕ್ಕೆ ಹೊಂದುತ್ತದೆಯೇ ಎಂಬ ಪರೀಕ್ಷೆ) ಆಗಬೇಕಾದ ರಕ್ತ, ಸಿಗದೆ ಉಳಿದ ಇಂಜೆಕ್ಷನ್. ಔಷಧಿ ಸ್ಟೋರಿನಲ್ಲಿ ಇಲ್ಲದ್ದರಿಂದ ಕೊಡಲಿಲ್ಲ ಎಂಬುದನ್ನು ಮುಚ್ಚಿಡಬೇಡಿ. ಮುಂದಿನವರು ಚಾರ್ಟ್ ನೋಡಿ ಕೊಟ್ಟಾಗಿದೆ ಎಂದುಕೊಳ್ಳುತ್ತಾರೆ.

ಜಾಗ ಮತ್ತು ಹೊತ್ತು

ಹ್ಯಾಂಡೋವರ್ ನಡೆಯುವ ಹದಿನೈದು-ಇಪ್ಪತ್ತು ನಿಮಿಷ ಒಬ್ಬರನ್ನು ಬೇರೆ ಕೂರಿಸಿ. ಫೋನ್, ಕರೆಯುವ ರೋಗಿ, ಬಿಲ್ಲಿಗೆ ಸಹಿ ಕೇಳಿ ಬರುವ ಮನೆಯವರು, ಎಲ್ಲರೂ ಅವರ ಹತ್ತಿರ ಹೋಗಲಿ. ಎರಡು ಪಾಳಿ ಒಂದರ ಮೇಲೊಂದು ಬರುವಂತೆ ರೋಸ್ಟರಿನಲ್ಲೇ ಕಾಲು ಗಂಟೆ ಹಾಕಿಸಿಕೊಳ್ಳಿ. ಇದು ನರ್ಸಿಂಗ್ ಸೂಪರಿಂಟೆಂಡೆಂಟ್ ಮಾಡಬೇಕಾದ ಕೆಲಸ, ಬಾಯಿಮಾತಿನಲ್ಲಿ ಕೇಳಿದರೆ ಆಗುವುದಿಲ್ಲ, ಬರೆದು ಕೊಡಿ. ಕೊನೆಯ ಬಸ್ ಎಂಟೂ ಹತ್ತಕ್ಕಿದ್ದರೆ ಯಾವ ಸಿಸ್ಟರೂ ಎಂಟೂಕಾಲರ ತನಕ ನಿಧಾನವಾಗಿ ಮಾತಾಡಲಾರಳು, ಅವಳನ್ನು ಬೈದು ಪ್ರಯೋಜನವಿಲ್ಲ.

ಬೆಡ್ ನಂಬರ್ ಒಂದರಿಂದ ಶುರುಮಾಡಬೇಡಿ. ಮೊದಲ ಬೆಡ್ಡಿನ ಹರ್ನಿಯಾ ಹುಡುಗನ ವಿಷಯಕ್ಕೆ ಐದು ನಿಮಿಷ ಹೋಗಿ, ಇಪ್ಪತ್ತೆಂಟನೇ ಬೆಡ್ಡಿನ ಉಸಿರಾಟದ ತೊಂದರೆಗೆ ಅರ್ಧ ನಿಮಿಷ ಉಳಿಯುತ್ತದೆ. ಹೆಚ್ಚು ಸೀರಿಯಸ್ ಇರುವವರು ಮೊದಲು, ಆಮೇಲೆ ಹೊಸ ಅಡ್ಮಿಷನ್‌ಗಳು, ಕೊನೆಗೆ ನಾಳೆ ಮನೆಗೆ ಹೋಗುವವರು.

ಪ್ರತಿ ರೋಗಿಗೂ ಐದು ಮಾತು

ಅಮೆರಿಕ ಮತ್ತು ಕೆನಡಾದ ಒಂಬತ್ತು ಆಸ್ಪತ್ರೆಗಳ ಮಕ್ಕಳ ವಿಭಾಗದ ಕಿರಿಯ ಡಾಕ್ಟರುಗಳ ನಡುವೆ ಐ-ಪಾಸ್ ಎಂಬ ಕ್ರಮವನ್ನು ಪರೀಕ್ಷಿಸಿದ್ದರು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಸುಮಾರು 10,700 ಅಡ್ಮಿಷನ್‌ಗಳ ಲೆಕ್ಕದಲ್ಲಿ ವೈದ್ಯಕೀಯ ತಪ್ಪುಗಳು ಶೇ. 23ರಷ್ಟು, ತಡೆಯಬಹುದಾಗಿದ್ದ ಹಾನಿ ಶೇ. 30ರಷ್ಟು ಕಡಿಮೆಯಾಗಿದ್ದವು. ನನಗೆ ಇದಕ್ಕಿಂತ ಹಿಡಿಸಿದ್ದು ಇನ್ನೊಂದು ಅಂಕಿ: ಒಬ್ಬ ರೋಗಿಗೆ ತಗಲುತ್ತಿದ್ದ ಸಮಯ ಮೊದಲೂ ಎರಡೂವರೆ ನಿಮಿಷದ ಆಸುಪಾಸು, ಆಮೇಲೂ ಅಷ್ಟೇ. "ನಮಗೆಲ್ಲಿ ಟೈಮ್ ಇದೆ" ಎನ್ನುವವರಿಗೆ ಇದನ್ನು ಹೇಳಿ.

ಅದರ ಐದು ಭಾಗಗಳನ್ನು ನಮ್ಮ ವಾರ್ಡಿನಲ್ಲಿ ಹೀಗೆ ಕನ್ನಡ ಮಾಡಿಕೊಂಡಿದ್ದೇವೆ: ಎಷ್ಟು ಸೀರಿಯಸ್? ಕತೆ ಏನು? ಬಾಕಿ ಏನು? ಏನು ಕೆಡಬಹುದು, ಕೆಟ್ಟರೆ ಏನು ಮಾಡಬೇಕು? ಈಗ ನೀವು ಹೇಳಿ.

ಒಂದೇ ರೋಗಿಯ ಬಗ್ಗೆ ಎರಡು ಹ್ಯಾಂಡೋವರ್ ಕೇಳಿ. ಮೊದಲನೆಯದು ದಿನಾ ಕಿವಿಗೆ ಬೀಳುವಂಥದ್ದು:

"ಏಳನೇ ಬೆಡ್ ಪರ್ಫೊರೇಷನ್ ಕೇಸು, ಸ್ಟೇಬಲ್, ಆ್ಯಂಟಿಬಯೋಟಿಕ್ ಹೋಗ್ತಿದೆ, ರಕ್ತ ಕಳಿಸಿದೆ, ಬೇರೇನಿಲ್ಲ."

ಎರಡನೆಯದು (ಪಿಜಿ ಎಂದರೆ ಸ್ನಾತಕೋತ್ತರ ಓದುತ್ತಾ ಡ್ಯೂಟಿ ಮಾಡುವ ಡಾಕ್ಟರ್, ಸಿಬಿಸಿ ಎಂದರೆ ರಕ್ತಕಣಗಳ ಎಣಿಕೆಯ ಪರೀಕ್ಷೆ):

"ಏಳನೇ ಬೆಡ್, ಇವತ್ತು ರಾತ್ರಿ ಕಣ್ಣಿಡಬೇಕಾದ ಕೇಸು. ನಲವತ್ತೆರಡು ವರ್ಷದ ಹೆಂಗಸು. ಕರುಳು ತೂತಾಗಿ ನಿನ್ನೆ ರಾತ್ರಿ ಆಪರೇಷನ್ ಆಗಿದೆ. ಶುಗರ್ ಇದೆ. ಪೆನಿಸಿಲಿನ್ ಅಲರ್ಜಿ, ಕೈಪಟ್ಟಿ ಮೇಲೂ ಬರೆದಿದೆ. ಮಧ್ಯಾಹ್ನ ನಾಡಿ 90 ಇತ್ತು, ಏಳೂವರೆಗೆ 112. ಬಿಪಿ 100/60. ನಾಲ್ಕು ಗಂಟೆಯಲ್ಲಿ ಯೂರಿನ್ 150 ಎಂ.ಎಲ್. ನಾಡಿ ಏರಿದ್ದನ್ನು ಡ್ಯೂಟಿ ಪಿಜಿಗೆ ನಾನೇ ಏಳೂ ಮುಕ್ಕಾಲಿಗೆ ಹೇಳಿದೀನಿ, ಅವರು ಎಂಟೂವರೆಗೆ ಬಂದು ನೋಡ್ತಾರೆ. ಸಿಬಿಸಿ ಸ್ಯಾಂಪಲ್ ಏಳಕ್ಕೆ ಲ್ಯಾಬಿಗೆ ಹೋಗಿದೆ, ರಿಪೋರ್ಟ್ ಇನ್ನೂ ಬಂದಿಲ್ಲ. ಒಂಬತ್ತಕ್ಕೆ ನೀವು ಲ್ಯಾಬಿಗೆ ಫೋನ್ ಮಾಡಿ ಕೇಳಿ, ಅಂಕಿಯನ್ನ ಪಿಜಿಗೆ ತಿಳಿಸಿ. ನಾಡಿ 120 ದಾಟಿದರೆ, ಇಲ್ಲ ಯೂರಿನ್ ಗಂಟೆಗೆ 30ಕ್ಕಿಂತ ಕಡಿಮೆ ಬಂದರೆ, ಬೆಳಗಿನ ತನಕ ಕಾಯಬೇಡಿ, ಪಿಜಿಗೆ ಫೋನ್ ಮಾಡಿ."

ಓದಿ ನೋಡಿ, ಒಂದು ನಿಮಿಷವೂ ಹಿಡಿಯುವುದಿಲ್ಲ. ಬಾಕಿ ಕೆಲಸಕ್ಕೆಲ್ಲ ಮಾಡುವವರು ಯಾರು, ಎಷ್ಟು ಹೊತ್ತಿಗೆ ಎಂಬುದಿದೆ. "ಬಿಪಿ ನೋಡ್ಕೊಳ್ಳಿ" ಎಂಬ ಹಾರಿಕೆಯ ಮಾತಿಲ್ಲ. ಯಾವ ಅಂಕಿ ಬಂದರೆ ಏನು ಮಾಡಬೇಕು ಎಂದಿದೆ. ರಾತ್ರಿ ಒಂದು ಗಂಟೆಗೆ ಪಿಜಿಯನ್ನು ಎಬ್ಬಿಸಲು ಹೆದರುವ ಹೊಸ ಸಿಸ್ಟರಿಗೆ ಆ ಅಂಕಿಯೇ ಧೈರ್ಯ. ಅಂಕಿ ಯಾವುದು ಎಂಬುದನ್ನು ನಾವು ಊಹಿಸುವಂತಿಲ್ಲ, ಸಂಜೆ ರೌಂಡ್ಸಿನಲ್ಲೇ ಡಾಕ್ಟರ ಬಾಯಿಂದ ಕೇಳಿ ಶೀಟಿನಲ್ಲಿ ಬರೆಸಿಕೊಳ್ಳಬೇಕು.

"ಸ್ಟೇಬಲ್" ಎಂಬ ಪದಕ್ಕೆ ನಮ್ಮ ವಾರ್ಡಿನಲ್ಲಿ ನಿಷೇಧವಿದೆ. ನಾಡಿ 90ರಿಂದ 112ಕ್ಕೆ ಏರುತ್ತಿದ್ದಾಗಲೂ ಆ ಹೆಂಗಸು ನೋಡುವವರಿಗೆ ಸ್ಟೇಬಲ್ಲೇ. ಒಂದು ಹೊತ್ತಿನ ಅಂಕಿಗಿಂತ ಅದು ಯಾವ ಕಡೆ ಹೊರಟಿದೆ ಎಂಬುದು ಮುಖ್ಯ. ಅದಕ್ಕೇ ಮಧ್ಯಾಹ್ನದ್ದನ್ನೂ ಈಗಿನದ್ದನ್ನೂ ಜೊತೆಗೆ ಹೇಳುವುದು.

ಕೇಳಿಸಿಕೊಂಡವರು ಬಾಯಿ ಬಿಡಲಿ

ಐದನೆಯ ಮಾತನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಮತ್ತು ನನ್ನ ಪ್ರಕಾರ ಹ್ಯಾಂಡೋವರ್ ಎಂದರೆ ಅದೇ. ಹೇಳುವವರು ಹೇಳಿ ಮುಗಿಸಿದರೆ ಅರ್ಧ ಆಯಿತು. ಕೇಳಿಸಿಕೊಂಡವರು ತಮ್ಮ ಮಾತಿನಲ್ಲಿ ತಿರುಗಿ ಹೇಳಿದಾಗ ಪೂರ್ತಿ. ಗಿಣಿಪಾಠ ಬೇಡ, ಸಾರ ಸಾಕು: "ಏಳನೇ ಬೆಡ್ ಸೀರಿಯಸ್, ಎಂಟೂವರೆಗೆ ಪಿಜಿ ಬರದಿದ್ರೆ ನಾನೇ ಕರೀತೀನಿ, ಒಂಬತ್ತಕ್ಕೆ ಸಿಬಿಸಿ ಕೇಳ್ತೀನಿ, ನಾಡಿ 120 ಆದ್ರೆ ಫೋನ್." ಹನ್ನೊಂದನೇ ಬೆಡ್ಡಿನ ದಿನ ಆ ಸಿಸ್ಟರ್ "ಪೊಟ್ಯಾಷಿಯಂ ರಿಪೋರ್ಟ್ ಡಾಕ್ಟರ್ ನೋಡಿದಾರೆ ಅಲ್ವಾ?" ಎಂದು ಒಂದು ಮಾತು ಕೇಳಿದ್ದರೆ, ಅಥವಾ ನಾನು ಅವಳಿಂದ ಆ ಮಾತು ಹೊರಡಿಸಿದ್ದರೆ, ಅಲ್ಲೇ ಸರಿಹೋಗುತ್ತಿತ್ತು. "ಅರ್ಥ ಆಯ್ತಾ?" ಎಂದು ಕೇಳಬೇಡಿ. ನಮ್ಮಲ್ಲಿ ಹಿರಿಯರು ಹಾಗೆ ಕೇಳಿದರೆ "ಆಯ್ತು" ಎನ್ನುವುದೇ ಮರ್ಯಾದೆ. "ನೀವೊಂದ್ಸಲ ಹೇಳಿ, ನಾನೇನಾದ್ರೂ ಬಿಟ್ಟಿದೀನಾ ನೋಡ್ತೀನಿ" ಎನ್ನಿ. ಪರೀಕ್ಷೆ ನಿಮ್ಮ ಮೇಲೆ ಬರುತ್ತದೆ, ಕಿರಿಯರು ಸಲೀಸಾಗಿ ಮಾತಾಡುತ್ತಾರೆ.

ಅಂಕಿಗಳಲ್ಲಿ ವಿಶೇಷ ಎಚ್ಚರ ಬೇಕು. ಇಂಗ್ಲಿಷಿನ ಫಿಫ್ಟೀನ್, ಫಿಫ್ಟಿ ಫೋನಿನಲ್ಲಿ ಒಂದೇ ಥರ ಕೇಳುತ್ತವೆ. ಕನ್ನಡದ ಹದಿನೈದು, ಐವತ್ತು ಎಂದಿಗೂ ಹಾಗೆ ಕೇಳುವುದಿಲ್ಲ. ಆದರೆ ನಮ್ಮ ಎಪ್ಪತ್ತು, ಎಂಬತ್ತು ಗದ್ದಲದಲ್ಲಿ ಕೈಕೊಡುತ್ತವೆ. ಕೇರಳದಿಂದ ಬಂದ ಸಿಸ್ಟರ್, ಉತ್ತರದಿಂದ ಬಂದ ಪಿಜಿ, ಬೀದರಿನ ಬ್ರದರ್ ಎಲ್ಲ ಒಂದೇ ವಾರ್ಡಿನಲ್ಲಿದ್ದಾಗ ಅಂಕೆಗಳನ್ನು ಬಿಡಿಬಿಡಿಯಾಗಿ ಹೇಳುವುದೇ ವಾಸಿ: "ಒನ್ ಫೈವ್ ಹದಿನೈದು ಯೂನಿಟ್", "ಏಳು ಸೊನ್ನೆ ಎಪ್ಪತ್ತು".

ಬೆಡ್ಡಿನ ಪಕ್ಕದಲ್ಲಿ

ಸ್ಟೇಷನ್‌ನಲ್ಲಿ ಮಾತು ಮುಗಿದ ಮೇಲೆ ಇಬ್ಬರೂ ಸೇರಿ ಸೀರಿಯಸ್ ಕೇಸುಗಳ ಹತ್ತಿರ ಹೋಗಿ. ಮೊದಲು ಕೈಪಟ್ಟಿ ನೋಡಿ, ಹೆಸರು ಕೇಳಿ. ಆಮೇಲೆ ಬಾಟಲಿಯಿಂದ ಶುರುಮಾಡಿ ಕೊಳವೆಯ ಮೇಲೆ ಬೆರಳಾಡಿಸುತ್ತಾ ಚರ್ಮದ ತನಕ ಬನ್ನಿ. ಇನ್ಫ್ಯೂಷನ್ ಪಂಪಿನ ಮೇಲಿನ ಅಂಕಿ ಆರ್ಡರಿನ ಅಂಕಿಗೆ ತಾಳೆಯಾಗುತ್ತದೆಯೇ ಎಂದು ಇಬ್ಬರೂ ಓದಿ. ಡ್ರೈನ್, ಕ್ಯಾಥೆಟರ್, ಗಾಯದ ಪಟ್ಟಿ ನೋಡಿ. ಮುಚ್ಚಿದ ಹೊದಿಕೆಯನ್ನು ಸರಿಸದೆ ಹ್ಯಾಂಡೋವರ್ ತೆಗೆದುಕೊಂಡರೆ, ಅರ್ಧ ಗಂಟೆಯ ನಂತರ ಕಂಡ ರಕ್ತ ಯಾರ ಡ್ಯೂಟಿಯದ್ದು ಎಂಬ ಜಗಳ ಖಂಡಿತ.

ನಮ್ಮ ಆಸ್ಪತ್ರೆಗಳಲ್ಲಿ ಒಂದು ಅನುಕೂಲವಿದೆ: ರೋಗಿಯ ಜೊತೆ ಯಾರಾದರೂ ಕೂತಿರುತ್ತಾರೆ. ಮೂರು ಪಾಳಿ ಬದಲಾದರೂ ಅವರು ಬದಲಾಗಿರುವುದಿಲ್ಲ. "ಅಮ್ಮಾ, ಮಧ್ಯಾಹ್ನಕ್ಕೂ ಈಗಕ್ಕೂ ಏನಾದ್ರೂ ವ್ಯತ್ಯಾಸ ಕಾಣ್ತಿದೆಯಾ?" ಎಂದು ಕೇಳಿ. "ಸಂಜೆಯಿಂದ ಮಾತು ಒಂಥರಾ ತೊದಲ್ತಿದೆ ಕಣಮ್ಮಾ" ಎಂಬ ಉತ್ತರ ಯಾವ ಚಾರ್ಟಿನಲ್ಲೂ ಸಿಗುವುದಿಲ್ಲ.

ಆದರೆ ಪಕ್ಕದ ಬೆಡ್ಡಿಗೂ ಕಿವಿ ಇದೆ. ಎಚ್‌ಐವಿ, ಗರ್ಭಪಾತ, ವಿಷ ಕುಡಿದ ಕಾರಣ, ಮನೆಯವರಿಗೆ ಇನ್ನೂ ತಿಳಿಸದ ಕ್ಯಾನ್ಸರ್, ಇವನ್ನೆಲ್ಲ ಸ್ಟೇಷನ್‌ನಲ್ಲೇ ಮೆಲುದನಿಯಲ್ಲಿ ಮುಗಿಸಿ. ಎಚ್‌ಐವಿ ವಿಷಯ ಗುಟ್ಟಾಗಿಡುವುದು 2017ರ ಕಾಯ್ದೆಯ ಪ್ರಕಾರ ಕಡ್ಡಾಯ ಕೂಡ. ಕೆಂಪು ಅಕ್ಷರದಲ್ಲಿ ಬೆಡ್ಡಿನ ತಲೆಯ ಮೇಲೆ ಬರೆದು ತೂಗುಹಾಕುವ ಹಳೇ ಚಾಳಿಯನ್ನು ಇನ್ನೂ ಬಿಡದವರಿದ್ದರೆ ಇವತ್ತೇ ಬಿಡಿ.

ಬರೆಯುವುದು, ವಾಟ್ಸ್‌ಆ್ಯಪ್ ಮಾಡುವುದು

ಬಾಯಿಮಾತು ಮರೆಯುತ್ತದೆ, ಬರೀ ಕಾಗದವನ್ನು ಯಾರೂ ಓದುವುದಿಲ್ಲ. ಎರಡೂ ಬೇಕು. ಒಂದು ಹಾಳೆ, ರೋಗಿಗೊಂದು ಸಾಲು, ಮೇಲಿನ ಐದು ಮಾತಿಗೆ ಐದು ಕಾಲಂ. ಕೊನೆಯ ಕಾಲಂನಲ್ಲಿ ತೆಗೆದುಕೊಂಡವರ ಸಹಿ ಮತ್ತು ಹೊತ್ತು.

ಇನ್ಸುಲಿನ್ ಬರೆಯುವಾಗ ಯೂನಿಟ್ ಎಂಬುದನ್ನು ಪೂರ್ತಿ ಬರೆಯಿರಿ. ಇಂಗ್ಲಿಷಿನ ಯು ಅಕ್ಷರ ಅವಸರದಲ್ಲಿ ಸೊನ್ನೆಯಾಗಿ, 10 ಯೂನಿಟ್ 100 ಆಗುತ್ತದೆ. 1 ಎಂದು ಬರೆಯಬೇಕಾದಲ್ಲಿ 1.0 ಬೇಡ, ಚುಕ್ಕೆ ಮಾಸಿದರೆ ಹತ್ತಾಯಿತು. ಅರ್ಧಕ್ಕೆ ಮಾತ್ರ 0.5 ಎಂದೇ ಬರೆಯಿರಿ, ಚುಕ್ಕೆಗೆ ಮೊದಲಿನ ಸೊನ್ನೆ ಬಿಟ್ಟರೆ ಐದಾಗುತ್ತದೆ. ಡೋಪಮಿನ್, ಡೊಬ್ಯುಟಮಿನ್‌ನಂಥ ಅವಳಿ ಹೆಸರುಗಳನ್ನು ಅಕ್ಷರ ಬಿಡಿಸಿ ಓದಿ.

ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಎಕ್ಸ್‌ರೇ ಹಾಕಿ ಎರಡು ನೀಲಿ ಗೆರೆ ಬಂದರೆ ಗ್ರೂಪಿನವರೆಲ್ಲ ನೋಡಿದ್ದಾರೆ ಎಂದು ಮಾತ್ರ ಅರ್ಥ, ಯಾರಾದರೂ ಜವಾಬ್ದಾರಿ ತಗೊಂಡಿದ್ದಾರೆ ಎಂದಲ್ಲ. ತುರ್ತು ವಿಷಯಕ್ಕೆ ಫೋನ್ ಮಾಡಿ. ಹಾಕಲೇಬೇಕಾದರೆ ಹೆಸರು, ಮುಖ, ಐಪಿ (ಒಳರೋಗಿ) ನಂಬರ್ ಮುಚ್ಚಿ ಹಾಕಿ.

ರಾತ್ರಿ ಎರಡಕ್ಕೆ ಡಾಕ್ಟರಿಗೆ ಫೋನ್

ಇದಕ್ಕೆ ಬೇರೆ ಕ್ರಮ: ಎಸ್‌ಬಾರ್. ಹುಟ್ಟಿದ್ದು ಅಮೆರಿಕದ ನೌಕಾಪಡೆಯ ಅಣು ಜಲಾಂತರ್ಗಾಮಿಗಳಲ್ಲಿ. ಅದನ್ನು ಆಸ್ಪತ್ರೆಗೆ ಒಗ್ಗಿಸಿದ್ದು ಅಲ್ಲಿನ ಕೈಸರ್ ಪರ್ಮನೆಂಟೆ ಸಂಸ್ಥೆಯವರು, 2000ದ ನಂತರದ ಮೊದಲ ವರ್ಷಗಳಲ್ಲಿ. ಈಗ ಏನಾಗುತ್ತಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತದೆ, ನೀವು ಏನು ಮಾಡಬೇಕು.

"ಸರ್, ಏಳನೇ ಬೆಡ್ ಪೇಷಂಟ್ ಯಾಕೋ ಸರಿ ಕಾಣ್ತಿಲ್ಲ" ಎಂದರೆ "ಸರಿ, ನೋಡ್ತಿರಿ" ಎಂದು ಅವರು ಮಗ್ಗುಲು ಬದಲಿಸುತ್ತಾರೆ. ಹೀಗೆ ಹೇಳಿ: "ಸರ್, ಸರ್ಜರಿ ವಾರ್ಡ್ ಸಿಸ್ಟರ್. ಏಳನೇ ಬೆಡ್, ನಾಡಿ 126, ಬಿಪಿ 90/50, ಕಳೆದ ಗಂಟೆ ಯೂರಿನ್ 20. ನಿನ್ನೆ ಪರ್ಫೊರೇಷನ್ ಆಪರೇಷನ್ ಆಗಿರೋರು, ಶುಗರ್ ಇದೆ. ಸೋಂಕು ಏರ್ತಿದೆ ಅನ್ನಿಸ್ತಿದೆ ಸರ್. ನೀವು ಈಗಲೇ ಬಂದು ನೋಡ್ಬೇಕು. ಅಷ್ಟರಲ್ಲಿ ಡ್ರಿಪ್ ಜಾಸ್ತಿ ಮಾಡ್ಲಾ?" ಕೊನೆಯ ಎರಡು ವಾಕ್ಯ ಹೇಳಲು ನಮಗೆ ನಾಲಿಗೆ ತಡೆಯುತ್ತದೆ, ನರ್ಸ್ ಡಾಕ್ಟರಿಗೆ "ಬರಬೇಕು" ಎನ್ನುವುದೇ ಎಂದು. ಎನ್ನಬೇಕು. ಫೋನಿನಲ್ಲಿ ಆರ್ಡರ್ ಕೊಟ್ಟರೆ ಮೊದಲು ಬರೆದುಕೊಂಡು, ಓದಿ ಹೇಳಿ, "ಸರಿ" ಎನ್ನಿಸಿಕೊಂಡ ಮೇಲೇ ಸಿರಿಂಜ್ ಮುಟ್ಟಿ. ಬೆಳಿಗ್ಗೆ ಅವರ ಸಹಿಯನ್ನೂ ಹಾಕಿಸಿಕೊಳ್ಳಿ.

ಆಪರೇಷನ್ ಥಿಯೇಟರಿನಿಂದ ಐಸಿಯುಗೆ

ಇಲ್ಲಿ ಒಂದೇ ನಿಯಮ: ಕೈಕೆಲಸ ಮೊದಲು, ಬಾಯಿಕೆಲಸ ಆಮೇಲೆ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ಡಾಕ್ಟರುಗಳು ಫಾರ್ಮುಲಾ ಒನ್ ರೇಸಿನಲ್ಲಿ ಕಾರಿನ ಚಕ್ರ ಬದಲಿಸುವ ತಂಡವನ್ನು ನೋಡಿ, ಫೆರಾರಿಯವರಿಂದ ಸಲಹೆ ಪಡೆದು, ಹೃದಯದ ಆಪರೇಷನ್ ಆದ ಮಕ್ಕಳನ್ನು ಐಸಿಯುಗೆ ಒಪ್ಪಿಸುವ ಕ್ರಮವನ್ನೇ ಬದಲಿಸಿದರು. ವೆಂಟಿಲೇಟರ್, ಮಾನಿಟರ್, ಪಂಪ್ ಜೋಡಿಸುವ ತನಕ ವರದಿ ಇಲ್ಲ. ಜೋಡಿಸಿದ ಮೇಲೆ ಎಲ್ಲರೂ ನಿಂತು ಕೇಳುತ್ತಾರೆ, ಒಬ್ಬೊಬ್ಬರೇ ಹೇಳುತ್ತಾರೆ. 2007ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಒಂದು ಹ್ಯಾಂಡೋವರಿಗೆ ಸರಾಸರಿ 5.42 ಇದ್ದ ತಾಂತ್ರಿಕ ತಪ್ಪು 3.15ಕ್ಕೆ ಇಳಿದಿತ್ತು. ಇದಕ್ಕೆ ಹಣ ಬೇಡ. "ಎಲ್ಲ ಸಿಕ್ಕಿಸಿ ಆಯ್ತಾ? ಈಗ ಹೇಳಿ" ಎನ್ನುವ ಒಬ್ಬರು ಬೇಕು.

ಊರಿಂದ ಊರಿಗೆ ಕಳಿಸುವಾಗ

ಅತಿ ಹೆಚ್ಚು ಮಾತು ಕಳೆದುಹೋಗುವುದು ಇಲ್ಲೇ. ತಾಲ್ಲೂಕು ಆಸ್ಪತ್ರೆಯಿಂದ 108ರಲ್ಲಿ ಬಂದ ಗರ್ಭಿಣಿಯ ರೆಫರಲ್ ಚೀಟಿಯಲ್ಲಿ "ಫಿಟ್ಸ್ ಬಂದಿದೆ, ಹೆಚ್ಚಿನ ಚಿಕಿತ್ಸೆಗೆ" ಎಂದಷ್ಟೇ ಇದ್ದರೆ ಏನು ಮಾಡುವುದು? ಅಲ್ಲಿ ಫಿಟ್ಸ್ ತಡೆಯುವ ಮೆಗ್ನೀಷಿಯಂ ಸಲ್ಫೇಟಿನ ಮೊದಲ ಡೋಸು, ಎರಡೂ ಪಿರ್ರೆಗೆ ಐದೈದರಂತೆ 10 ಗ್ರಾಂ, ಕೊಟ್ಟು ಕಳಿಸಿರಬಹುದು. ಚೀಟಿಯಲ್ಲಿ ಇಲ್ಲದಿದ್ದರೆ ಇಲ್ಲಿ ಮತ್ತೆ ಪೂರ್ತಿ ಡೋಸು ಕೊಟ್ಟು ಉಸಿರಾಟಕ್ಕೇ ಸಂಚಕಾರ ಬರಬಹುದು. ಅಥವಾ ಕೊಟ್ಟಿರಬೇಕು ಎಂದು ಸುಮ್ಮನಿದ್ದು ಮತ್ತೊಮ್ಮೆ ಫಿಟ್ಸ್ ಬರಬಹುದು.

ಹಾಗಾಗಿ ಕಳಿಸುವವರು ಮೂರು ಕೆಲಸ ಮಾಡಿ. ಗಾಡಿ ಹೊರಡುವ ಮೊದಲೇ ಆ ಆಸ್ಪತ್ರೆಗೆ ಫೋನ್ ಮಾಡಿ, ಬೆಡ್ ಇದೆಯೇ ಎಂದು ಕೇಳಿ, ಮಾತಾಡಿದವರ ಹೆಸರನ್ನು ಚೀಟಿಯಲ್ಲಿ ಬರೆಯಿರಿ. ಕೊಟ್ಟ ಔಷಧಿಯ ಹೆಸರು, ಪ್ರಮಾಣ, ನರಕ್ಕೋ ಮಾಂಸಖಂಡಕ್ಕೋ, ಎಷ್ಟು ಗಂಟೆಗೆ ಎಂಬುದನ್ನು ಚೀಟಿಯ ತುದಿಯಲ್ಲೇ ದೊಡ್ಡದಾಗಿ ಬರೆಯಿರಿ. ಅದನ್ನೇ ಆಂಬುಲೆನ್ಸಿನ ಸಿಬ್ಬಂದಿಗೆ ಬಾಯಲ್ಲೂ ಹೇಳಿ, ತಿರುಗಿ ಹೇಳಿಸಿ. ತೆಗೆದುಕೊಳ್ಳುವವರು ಆಂಬುಲೆನ್ಸಿನವರನ್ನು ಸಹಿ ಹಾಕಿ ಓಡಿಸಬೇಡಿ. ದಾರಿಯಲ್ಲಿ ಎಷ್ಟು ಸಲ ಫಿಟ್ಸ್ ಬಂತು, ಆಕ್ಸಿಜನ್ ಎಷ್ಟಿತ್ತು ಎಂಬುದು ಅವರ ತಲೆಯಲ್ಲಷ್ಟೇ ಇದೆ.

ವಾರ್ಡಿನಲ್ಲಿ ಇದನ್ನು ಊರಿಸುವುದು

ಇಡೀ ಆಸ್ಪತ್ರೆಗೆ ಒಂದೇ ದಿನ ಸರ್ಕ್ಯುಲರ್ ಹೊರಡಿಸಿದರೆ ಹದಿನೈದು ದಿನಕ್ಕೆ ಸಾಯುತ್ತದೆ. ಒಂದು ವಾರ್ಡು, ಒಂದು ತಿಂಗಳು ಸಾಕು. ಇನ್‌ಚಾರ್ಜ್ ಸಿಸ್ಟರ್ ವಾರಕ್ಕೆ ನಾಲ್ಕೈದು ಹ್ಯಾಂಡೋವರ್‌ಗಳ ಪಕ್ಕ ಸುಮ್ಮನೆ ನಿಂತು ಕೇಳಲಿ. ಗುರುತು ಹಾಕಬೇಕಾದ್ದು ಮೂರೇ: ಸೀರಿಯಸ್ ಕೇಸು ಮೊದಲು ಬಂತೇ, ಬಾಕಿ ಕೆಲಸಕ್ಕೆ ಆಳು ಮತ್ತು ಹೊತ್ತು ಇತ್ತೇ, ಕೇಳಿಸಿಕೊಂಡವರು ತಿರುಗಿ ಹೇಳಿದರೇ. ಎಲ್ಲರ ಮುಂದೆ ಬೈಯಬೇಡಿ. ಒಮ್ಮೆ ಬೈಸಿಕೊಂಡ ಸಿಸ್ಟರ್ ಮುಂದಿನ ಸಲ "ಔಷಧಿ ಕೊಟ್ಟಿಲ್ಲ" ಎಂದು ಹೇಳುವುದೇ ಇಲ್ಲ. ಹಾಳೆಯ ಕಾಲಂಗಳನ್ನು ನಿಮ್ಮ ವಾರ್ಡಿಗೆ ತಕ್ಕಂತೆ ಬದಲಿಸಿಕೊಳ್ಳಿ. ಹೆರಿಗೆ ವಾರ್ಡಿಗೆ ಮಗುವಿನ ಎದೆಬಡಿತ ಬೇಕು, ಮೂಳೆ ವಾರ್ಡಿಗೆ ಬೆರಳುಗಳ ಬಣ್ಣ ಬೇಕು.

ಇನ್ನು, ಬಸ್ಸಿನಲ್ಲಿ ಕೂತ ಮೇಲೆ ನೆನಪಾಗುವ ವಿಷಯ. ಎಷ್ಟೇ ಅಚ್ಚುಕಟ್ಟಾಗಿ ಮಾಡಿದರೂ ಏನೋ ಒಂದು ಉಳಿದಿರುತ್ತದೆ. ನಾಳೆ ಹೇಳೋಣ ಎನ್ನಬೇಡಿ, ಗೆಳತಿಯ ಮೊಬೈಲಿಗೆ ಮೆಸೇಜ್ ಹಾಕಿ ಬಿಡಬೇಡಿ, ಅವಳದು ಲಾಕರಿನಲ್ಲಿರುತ್ತದೆ. ವಾರ್ಡಿನ ಲ್ಯಾಂಡ್‌ಲೈನಿಗೇ ಮಾಡಿ, ಬೆಡ್ ನಂಬರ್ ಮತ್ತು ಹೆಸರು ಎರಡನ್ನೂ ಹೇಳಿ, ಹಾಳೆಯ ಮೇಲೆ ಬರೆಸಿ, ಬರೆದದ್ದನ್ನು ಓದಿಸಿ. ನಮ್ಮ ವಾರ್ಡಿನಲ್ಲಿ ಆ ನಂಬರನ್ನು ಎಲ್ಲರ ಐಡಿ ಕಾರ್ಡಿನ ಹಿಂದೆ ಅಂಟಿಸಿದ್ದೇವೆ.